ಜುವಾರಿ ಅಳಿವೆಯಲ್ಲಿ ಗಾಳಕ್ಕೆ ನಂಗು ಬೀಳ್ತಿಲ್ಲ, ಎಲ್ಲಿ ತಪ್ಪು?

ಬೈನಾ_ಬಸು:
ನಮಸ್ಕಾರ್ರೀ. ದಂಡಿ ಮ್ಯಾಲಿಂದ ನಂಗು ಹಿಡಿಯೋದು ಗೊತ್ತಿದ್ದವರು ಹೇಳ್ರಿ, ಗೋವಾದಾಗ ಲೇಪೊ ಅಂತಾರಲ್ಲ, ನಾಲಿಗಿ ಹಂಗ ಚಪ್ಪಟೆ ಇರೋ ಮೀನು, ಅದು. ಕೋಲು 9 ಅಡಿ, ರೀಲ್ 4000 ಸೈಜಿಂದು, 20 ಪೌಂಡಿನ ಬ್ರೈಡ್ (ಹೆಣೆದ) ದಾರ, 80 ಗ್ರಾಂ ಸೀಸ, ಗಾಳ 1/0, ಎರಿ ಇಡೀ ಸಿಗಡಿ. ಜಾಗ ಸಿರಿದಾವ್ ಕಡೆ. ಎಸೆದು ಕೋಲು ಸ್ಟ್ಯಾಂಡಿಗೆ ನಿಲ್ಲಸ್ತೀನಿ. ತುದಿ ಟಕ್ ಟಕ್ ಅಂತದ, ಎಳದ್ರ ಸಿಗಡಿ ತಲಿ ಒಂದ ಉಳದಿರ್ತದ. ಇಲ್ಲಾಂದ್ರ ಸಾಂಗಟ್ (ಮೀಸಿ ಮೀನು) ಬೀಳ್ತಾವ.

ಅಳಿವೆಬಾಗಿಲು:
ಗಾಳ ದೊಡ್ಡದಾಯ್ತು ಮಾರಾಯ್ರೆ. ಒಂದು ನಂಗನ್ನು ಕೈಯಲ್ಲಿ ಹಿಡಿದು ಬಾಯಿ ನೋಡಿ: ಮೂತಿ ಕೊಕ್ಕೆಯ ಹಾಗೆ ಕೆಳಗೆ ಬಾಗಿದೆ, ಅದರಡಿ ಒಂದು ಓರೆ ಸೀಳು, ಅಷ್ಟೇ. ಹಲ್ಲು ಇರುವುದು ಕಣ್ಣಿಲ್ಲದ ಬಿಳಿ ಬದಿಯಲ್ಲಿ, ಮರಳಿಗೆ ತಾಗಿ ಮಲಗುವ ಬದಿಯಲ್ಲಿ. ಮೇಲೆ ಹಾರಿ ಕಚ್ಚುವ ಮೀನಲ್ಲ ಅದು. ತಲೆಯಡಿಗೆ ಬಂದ ಹುಳ, ಪುಟ್ಟ ಸಿಗಡಿಗಳನ್ನು ಎಳೆದುಕೊಳ್ಳುತ್ತದೆ. 1/0 ಆ ಸೀಳಿಗೆ ಹೋಗುವುದೇ ಇಲ್ಲ. ನಿಮ್ಮ ಟಕ್ ಟಕ್ ಏಡಿ ಮತ್ತು ಮರಿಮೀನುಗಳದ್ದು.

8 ಅಥವಾ 10 ನಂಬರಿನ (ಇಲ್ಲಿ ನಂಬರು ಹೆಚ್ಚಿದಷ್ಟು ಗಾಳ ಚಿಕ್ಕದು) ಉದ್ದ ಕಾಲಿನ ಗಾಳ ಹಾಕಿ, ಕಾಲು ಅಂದರೆ ಗಾಳದ ನೇರ ಕಡ್ಡಿ. ಸಿಗಡಿಯ ಸಿಪ್ಪೆ ತೆಗೆದು ಒಂದೂವರೆ ಸೆಂಟಿಮೀಟರ್ ತುಂಡು ಸಾಕು, ಗಾಳದ ಮೊನೆ ಹೊರಗೆ ಕಾಣಬೇಕು. ಸಿಗಡಿಗಿಂತ ಒಳ್ಳೆಯದು ಇಳಿತದಲ್ಲಿ ಕೆಸರು ಅಗೆದಾಗ ಸಿಗುವ ಹುಳ. ಗಾಳದ ಕಾಲಿಗೆ ಪೋಣಿಸಿ, ಬಾಲ ಒಂದು ಬೆರಳಗಲ ಜೋತಾಡಲಿ.

ಕಟ್ಟುವ ಕ್ರಮ: ಬ್ರೈಡ್ ದಾರಕ್ಕೆ ತೂತಿನ ಸೀಸ 30-40 ಗ್ರಾಂ, ಆಮೇಲೆ ಒಂದು ಮಣಿ, ಸ್ವಿವೆಲ್ (ತಿರುಗುವ ಕೊಂಡಿ), ಅಲ್ಲಿಂದ 0.30 ಮಿ.ಮೀ. ನೈಲಾನ್ ದಾರ ಒಂದು ಮೊಳ, ತುದಿಗೆ ಗಾಳ. ಸೀಸ ದಾರದ ಮೇಲೆ ಜಾರಬೇಕು. ಗಟ್ಟಿ ಕಟ್ಟಿದರೆ ಮೀನಿಗೆ ಭಾರ ತಿಳಿದು ಉಗುಳಿಬಿಡುತ್ತದೆ. ಎರೆಯನ್ನು ಮೇಲೆತ್ತುವ ಬಣ್ಣದ ಬೆಂಡುಗುಂಡು ನಂಗಿಗೆ ಬೇಡವೇ ಬೇಡ, ಎರೆ ಮರಳಿನ ಮೇಲೇ ಬಿದ್ದಿರಬೇಕು.

ಕಾರವಾರ್_ಕೋಲು:
ಮೇಲಿನದ್ದೆಲ್ಲ ಸರಿ. ಆದರೆ ಸ್ಟ್ಯಾಂಡಿಗೆ ನಿಲ್ಲಿಸಿದ್ದೇ ದೊಡ್ಡ ತಪ್ಪು ಎನ್ನುತ್ತೇನೆ. ನಂಗು ಎರೆ ಹುಡುಕಿಕೊಂಡು ದೂರ ಬರುವುದಿಲ್ಲ, ಎರೆಯನ್ನೇ ಅದರ ಹತ್ತಿರ ಒಯ್ಯಬೇಕು. ಮೂರು ನಿಮಿಷಕ್ಕೊಮ್ಮೆ ಒಂದು ಮೊಳದಷ್ಟು ನಿಧಾನ ಎಳೆದು ನಿಲ್ಲಿಸಿ. ಸೀಸ ಉಜ್ಜಿದಲ್ಲಿ ಕೆಸರಿನ ಸಣ್ಣ ಹೊಗೆ ಏಳುತ್ತದೆ, ಮೀನು ಅದರತ್ತ ಬರುತ್ತದೆ. ಕಚ್ಚಿದ್ದು ಜಗ್ಗಿದ ಹಾಗಿರದು, ಒದ್ದೆ ಬಟ್ಟೆ ಸಿಕ್ಕಿಕೊಂಡ ಹಾಗೆ ಭಾರ ಬರುತ್ತದೆ. ಆಗ ಝಟ್ಟನೆ ಎಳೆಯಬೇಡಿ. ಹತ್ತು ಎಣಿಸಿ, ಕೋಲು ಮೆಲ್ಲಗೆ ಎತ್ತಿ.

ಜಾಗ ನೋಡುವುದಾದರೆ ಪೂರ್ಣ ಇಳಿತದಲ್ಲಿ ಒಮ್ಮೆ ನಡೆದು ಬನ್ನಿ. ಮರಳು ಮುಗಿದು ಕೆಸರು ಶುರುವಾಗುವ ಗೆರೆ, ನೀರು ಹರಿದು ಹೋದ ಸಣ್ಣ ಕಾಲುವೆಗಳನ್ನು ಗುರುತಿಟ್ಟುಕೊಳ್ಳಿ. ಉಬ್ಬರ ಶುರುವಾದ ಮೇಲಿನ ಎರಡು ತಾಸು ಅಲ್ಲೇ ಹಾಕಿ. ಮಳೆಗಾಲ ಮುಗಿದ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ನಂಗು ದಂಡೆಗೆ ಹತ್ತಿರ ಬರುತ್ತದೆ, ದಂಡೆಯಿಂದ ಎಳೆಯುವ ರಂಪಣಿ ಬಲೆಯಲ್ಲೂ ಆಗಲೇ ಹೆಚ್ಚು ಕಾಣುತ್ತದೆ.

ನೀರಿಗಿಳಿದರೆ ಕಾಲು ಎತ್ತಿಡಬೇಡಿ, ನೆಲಕ್ಕೆ ಉಜ್ಜುತ್ತಾ ನಡೆಯಿರಿ. ಅದೇ ಮರಳಿನಲ್ಲಿ ತೊರಕೆಯೂ (ಚಾಟಿಬಾಲದ ಚಪ್ಪಟೆ ಮೀನು) ಮಲಗಿರುತ್ತದೆ, ಮೆಟ್ಟಿದರೆ ಬಾಲದ ಮುಳ್ಳು ಹೊಡೆಯುತ್ತದೆ. ಸಾಂಗಟ್ ಬಿದ್ದರೂ ಬರಿಗೈ ಹಾಕಬೇಡಿ: ಬೆನ್ನಿಗೊಂದು, ಎರಡು ಪಕ್ಕಕ್ಕೊಂದೊಂದು ವಿಷದ ಮುಳ್ಳಿವೆ.

ವರ್ಸೋವಾ_ಕನ್ನಡಿಗ:
ಮುಂಬೈಯವರು ಇದನ್ನು ಓದಿ 30 ಗ್ರಾಂ ಸೀಸ ಕಟ್ಟಬೇಡಿ. ಗೋವಾದಲ್ಲಿ ಹುಣ್ಣಿಮೆ-ಅಮಾವಾಸ್ಯೆಗೂ ಉಬ್ಬರ-ಇಳಿತದ ಅಂತರ ಸುಮಾರು 2 ಮೀಟರ್, ಇಲ್ಲಿ 4 ಮೀಟರ್ ದಾಟುತ್ತದೆ. ಸೆಳೆತಕ್ಕೆ ಹಗುರ ಸೀಸ ಉರುಳಿ ಹೋಗಿ ದಾರ ಬಂಡೆಗೆ ಸಿಕ್ಕುತ್ತದೆ. 80-100 ಗ್ರಾಂ ಬೇಕು, ಇಲ್ಲವೇ ಅಷ್ಟಮಿಯ ಆಸುಪಾಸಿನ ಸಣ್ಣ ಉಬ್ಬರ ಆರಿಸಿಕೊಳ್ಳಿ.

ಇನ್ನೊಂದು: ಚಪ್ಪಟೆ ಮೀನೆಲ್ಲ ನಂಗಲ್ಲ. ಅಗಲ ಮೈ, ದೊಡ್ಡ ಬಾಯಿ, ಚೂಪು ಹಲ್ಲಿನ ಫ್ಲೌಂಡರ್ ಮರಿಮೀನು ಬೇಟೆಯಾಡುತ್ತದೆ. ಅದಕ್ಕೆ ಬಸು ಅವರ 1/0 ಗಾಳವೇ ಸರಿ, ಎರೆಗೆ ಬಂಗಡೆಯ ಹೊಟ್ಟೆಭಾಗದ ಆರು ಸೆಂಟಿಮೀಟರ್ ಪಟ್ಟಿ. ತುದಿದಾರ ಮಾತ್ರ 0.40 ಮಿ.ಮೀ. ಇರಲಿ, ಹಲ್ಲಿಗೆ ಸವೆಯುತ್ತದೆ.

ಬೈನಾ_ಬಸು:
ತಿಳೀತ್ರೀ. ಹತ್ತು ಎಣಿಸೋದ್ರಾಗ ಗಾಳ ನುಂಗಿಬಿಟ್ರ?

ಅಳಿವೆಬಾಗಿಲು:
ಅದಕ್ಕೇ ಉದ್ದ ಕಾಲಿನ ಗಾಳ ಹೇಳಿದ್ದು, ಕಾಲು ಬಾಯಿಯಿಂದ ಹೊರಗೆ ಉಳಿಯುತ್ತದೆ. ಇಕ್ಕಳದಿಂದ ಹಿಡಿದು ಹಿಂದಕ್ಕೆ ಒತ್ತಿ ತಿರುಗಿಸಿದರೆ ಬಿಡುತ್ತದೆ. ಮೀನು ಗೇಣಿಗಿಂತ ಚಿಕ್ಕದಾಗಿದ್ದು ಗಾಳ ಆಳಕ್ಕೆ ಹೋಗಿದ್ದರೆ ಎಳೆದಾಡಬೇಡಿ, ಬಾಯಿಯ ಹತ್ತಿರ ದಾರ ಕತ್ತರಿಸಿ ನೀರಿಗೆ ಬಿಡಿ. ಮನೆಗೊಯ್ದದ್ದಕ್ಕೆ ಮೂತಿಯ ಹತ್ತಿರ ಚರ್ಮ ಸ್ವಲ್ಪ ಕೊಯ್ದು, ಬೆರಳಿಗೆ ಕಲ್ಲುಪ್ಪು ಹಚ್ಚಿಕೊಂಡು ಬಾಲದ ಕಡೆಗೆ ಎಳೆಯಿರಿ. ಉಪ್ಪಿಲ್ಲದಿದ್ದರೆ ಲೋಳೆಗೆ ಬೆರಳು ನಿಲ್ಲುವುದಿಲ್ಲ.