ಹೊಲದಲ್ಲಿ ಗಡಿಗೆ, ಒಳಗೆ ಎಲುಬು: ಏನು ಮಾಡಲಿ?

ಸುರಪುರ ಕಡೆ ನಮ್ಮ ತೊಗರಿ ಹೊಲದಲ್ಲಿ ಕೃಷಿ ಹೊಂಡ ತೆಗೆಸುತ್ತಿದ್ದೆವು. ಜೆಸಿಬಿ ತಾಗಿ ಒಂದು ಗಡಿಗೆ ಒಡೆಯಿತು. ಒಳಗೆ ಸಣ್ಣ ಸಣ್ಣ ಎಲುಬು. ಅವ್ವ ಹೊಳೆಗೆ ಬಿಟ್ಟು ಬಾ ಅಂತಾಳೆ. ತೊಳೆದು ಇಟ್ಟುಕೊಳ್ಳಲೇ? ಅನುಭವ ಇದ್ದವರು ಹೇಳಿ.

ಜೇವರ್ಗಿಯಿಂದ:
ತೊಳೆಯಬೇಡಿ ಮಾರಾಯ್ರೆ! ನಾನು ತೊಳೆದು ಕೆಟ್ಟವನು. ಬದು ಹಾಕುವಾಗ ಒಂದು ದವಡೆ ಸಿಕ್ಕಿತ್ತು. ಎರೆಮಣ್ಣು ಗಟ್ಟಿ ಹಿಡಿದಿತ್ತು ಅಂತ ನಲ್ಲಿ ಕೆಳಗೆ ಹಿಡಿದೆ. ಅಷ್ಟು ದಿನ ಅದನ್ನು ಹಿಡಿದಿಟ್ಟಿದ್ದೇ ಆ ಮಣ್ಣು. ಎರಡು ಹಲ್ಲು ಮೋರಿ ಸೇರಿದವು. ಉಳಿದದ್ದು ಬಿಸಿಲಿಗೆ ಇಟ್ಟೆ, ಸಂಜೆಗೆ ಸೀಳಿತ್ತು. ನೋಡಲು ಬಂದ ಮೇಷ್ಟ್ರು ಮೊದಲು ಕೇಳಿದ್ದೇ ಆ ಹಲ್ಲು!

ಶಹಾಪುರದವಳು, ಧಾರವಾಡದಲ್ಲಿ ಮಾನವಶಾಸ್ತ್ರ ಓದಿದ್ದೇನೆ:
ಹಲ್ಲು ಕೇಳಿದ್ದು ಸುಮ್ನೆ ಅಲ್ಲ. ನಿಮ್ಮ ಗಡಿಗೆಯ ಸಣ್ಣ ಎಲುಬು ಕೂಸಿನದ್ದೂ ಇರಬಹುದು. ಯಾವ ಹಾಲುಹಲ್ಲು ಬಂದಿದೆ, ದವಡೆಯೊಳಗೆ ಯಾವುದು ಬೆಳೆಯುತ್ತಿದೆ ಅಂತ ನೋಡಿದರೆ ಮಗುವಿನ ವಯಸ್ಸು ಸುಮಾರಾಗಿ ಸಿಗುತ್ತದೆ. ಗಂಡೋ ಹೆಣ್ಣೋ ಅಂತ ಮಾತ್ರ ಎಲುಬು ನೋಡಿ ಹೇಳುವುದು ಕಷ್ಟ. ಸೊಂಟದ ಎಲುಬಿನ ವ್ಯತ್ಯಾಸ ಎದ್ದು ಕಾಣುವುದು ಮೈನೆರೆದ ಮೇಲೆ. ಇನ್ನೊಂದು, ಮಕ್ಕಳ ಎಲುಬಿನ ತುದಿಗಳು ಬೆಸೆದಿರುವುದಿಲ್ಲ. ಬಿಡಿಬಿಡಿಯಾಗಿ ಹರಳಿನ ಹಾಗೆ ಕಾಣುತ್ತವೆ. ಹಾಗಾಗಿ ಗಡಿಗೆಯ ಮಣ್ಣನ್ನು ಚೆಲ್ಲಬೇಡಿ. ಫೆವಿಕಾಲ್ ಅಂತೂ ಹಚ್ಚಲೇಬೇಡಿ. ಇದ್ದಲ್ಲೇ ಬಿಟ್ಟು, ಪಕ್ಕದಲ್ಲಿ ಪೆನ್ನು ಇಟ್ಟು ಫೋಟೋ ತೆಗೆಯಿರಿ, ಅಳತೆ ಗೊತ್ತಾಗುತ್ತದೆ.

ಯಾದಗಿರಿಯಿಂದ:
ಮೊದಲು ಪೊಲೀಸರಿಗೆ, ತಹಶೀಲ್ದಾರರಿಗೆ ಹೇಳಿ. ಎಲುಬು ಹಳೆಯದೋ ಹೊಸದೋ ನಾವು ತೀರ್ಮಾನಿಸುವುದಲ್ಲ. ಪುರಾತತ್ವ ಇಲಾಖೆಗೂ ತಿಳಿಸಲು ಕೇಳಿ. ನಿಧಿ ಸುದ್ದಿ ಹಬ್ಬುವ ಮೊದಲೇ ಹೇಳಿಬಿಡಿ. ಹಬ್ಬಿದರೆ ರಾತ್ರೋರಾತ್ರಿ ಯಾರೋ ಹಾರೆ ಹಿಡಿದು ಬರುತ್ತಾರೆ.

ನಮ್ಮ ಭಾಗಕ್ಕೆ ಇದು ಹೊಸದಲ್ಲ. ಬೂದಿಹಾಳದಲ್ಲಿ 1990ರ ದಶಕದಲ್ಲಿ ಪುರಾತತ್ವ ತಜ್ಞ ಕೆ. ಪದ್ದಯ್ಯ ಅವರ ತಂಡ ಅಗೆದಾಗ ನವಶಿಲಾಯುಗದ ಬೂದಿದಿಬ್ಬದ (ಸಗಣಿ ಸುಟ್ಟ ಬೂದಿಯ ಗುಡ್ಡೆ) ಜಾಗದಲ್ಲಿ ಗಡಿಗೆಯಲ್ಲಿಟ್ಟ ಮಕ್ಕಳ ಸಮಾಧಿಗಳು ಸಿಕ್ಕಿದ್ದವು. ನಿಮ್ಮದೂ ಅದೇ ಕಾಲದ್ದು ಅಂತ ಹೇಳುತ್ತಿಲ್ಲ, ನೋಡಿದವರು ಹೇಳಲಿ.

ಕೇಳಿದವನು:
ಎಲ್ಲರಿಗೂ ಥ್ಯಾಂಕ್ಸ್. ಠಾಣೆಗೂ ತಹಶೀಲ್ದಾರ್ ಕಚೇರಿಗೂ ಫೋನ್ ಮಾಡಿದೆ, ನಾಳೆ ಬರುತ್ತಾರಂತೆ. ಜೆಸಿಬಿ ವಾಪಸ್ ಕಳಿಸಿದೆ, ಬಾಡಿಗೆ ಹೋಯ್ತು ಬಿಡಿ. ಗಡಿಗೆ ಮೇಲೆ ಗೋಣಿಚೀಲ ಮುಚ್ಚಿದ್ದೇವೆ. ಕೂಸು ಇರಬಹುದು ಅಂದ ಮೇಲೆ ಅವ್ವ ಹೊಳೆ ಮಾತೇ ಎತ್ತಿಲ್ಲ. ಊದುಬತ್ತಿ ಹಚ್ಚಿ ಕೂತಿದ್ದಾಳೆ.

ಶಹಾಪುರದವಳು:
ಹಚ್ಚಲಿ ಬಿಡಿ. ಬೂದಿ ಗಡಿಗೆಯೊಳಗೆ ಬೀಳದಂತೆ ಸ್ವಲ್ಪ ದೂರ ಇಡಲು ಹೇಳಿ, ಅಷ್ಟೇ.