ಮೂರೂ ಧರ್ಮ ನಕಲಾ? ನಮ್ಮ ಮನೆ ಗುಂಪಿನ ಚರ್ಚೆ

ದೊಡ್ಡಪ್ಪ: (ಹಲವು ಬಾರಿ ಫಾರ್ವರ್ಡ್ ಆಗಿದೆ) ಯಾರೂ ಹೇಳದ ಸತ್ಯ!! ಯಹೂದಿ, ಕ್ರೈಸ್ತ, ಇಸ್ಲಾಂ ಮೂರೂ ನಕಲು. ಒಬ್ಬನೇ ದೇವರು ಅಂತ ಮೊದಲು ಹೇಳಿದ್ದು ಈಜಿಪ್ಟಿನ ರಾಜ ಅಖೆನಾತೆನ್. ಯಹೂದಿಗಳ ಪ್ರವಾದಿ ಮೋಶೆ ಅವನ ಶಿಷ್ಯ. ಸೈತಾನ, ದೇವದೂತರು, ಸ್ವರ್ಗ, ನರಕ ಎಲ್ಲವೂ ಪಾರ್ಸಿ ಧರ್ಮದ ಪ್ರವಾದಿ, ಪರ್ಷಿಯಾದ ಜರಾತುಷ್ಟ್ರನಿಂದ ಕದ್ದದ್ದು. ಎಲ್ಲ ಗುಂಪುಗಳಿಗೂ ಕಳಿಸಿ.

ತಮ್ಮ: ಸೂಪರ್ ದೊಡ್ಡಪ್ಪ! ಶಾಲೆಯಲ್ಲಿ ಇದನ್ನೆಲ್ಲ ಯಾರೂ ಹೇಳಲೇ ಇಲ್ಲ.

ನಾನು: ದೊಡ್ಡಪ್ಪ, ಇದರಲ್ಲಿ ನಿಜವೂ ಇದೆ, ಸುಳ್ಳೂ ಇದೆ. ಎರಡನ್ನೂ ಕಲಸಿಬಿಟ್ಟಿದ್ದಾರೆ. ದಯವಿಟ್ಟು ಮುಂದಕ್ಕೆ ಕಳಿಸುವ ಮೊದಲು ಸ್ವಲ್ಪ ಕೇಳಿ.

ದೊಡ್ಡಪ್ಪ: ಹೇಳಮ್ಮ. ಆದರೆ ಅಖೆನಾತೆನ್ ವಿಷಯ ಸುಳ್ಳು ಅನ್ನಬೇಡ. ಮನೋವಿಜ್ಞಾನಿ ಫ್ರಾಯ್ಡ್ ಅಂಥವರೇ ಅದನ್ನು ಬರೆದಿದ್ದಾರೆ.

ನಾನು: ಬರೆದಿದ್ದಾರೆ, 1939ರಲ್ಲಿ. ಅದು ಅವರ ಊಹೆ, ಅಗೆತದಲ್ಲಿ ಸಿಕ್ಕ ಸಾಕ್ಷಿ ಅಲ್ಲ. ಅಖೆನಾತೆನ್ ಆಳಿದ್ದು ಸುಮಾರು ಕ್ರಿ.ಪೂ. 1353ರಿಂದ 1336ರವರೆಗೆ. ಸೂರ್ಯಬಿಂಬವಾದ ಅತೆನ್ ಎಂಬ ದೇವರು ಒಂದೇ ಸಾಕು ಅಂದ. ಅಮುನ್ ದೇವರ ಹೆಸರನ್ನು ಗೋಡೆಗಳಿಂದ ಕೆತ್ತಿ ತೆಗೆಸಿದ. ಅಮರ್ನಾದಲ್ಲಿ ಹೊಸ ರಾಜಧಾನಿಯನ್ನೇ ಕಟ್ಟಿಸಿದ. ಇಷ್ಟೂ ನಿಜ. ಆದರೆ ಅತೆನ್‌ಗೂ ಜನಕ್ಕೂ ನಡುವೆ ರಾಜನೇ ನಿಂತಿದ್ದ. ಮನೆಗಳ ಪೂಜೆಯ ಜಾಗದಲ್ಲಿ ರಾಜನ ಸಂಸಾರದ ಚಿತ್ರ ಸಿಕ್ಕಿದೆ. ಅವನು ಸತ್ತು ಕೆಲವೇ ವರ್ಷಗಳಲ್ಲಿ ತುತಾಂಖಾತೆನ್ ಎಂಬ ಹುಡುಗ ರಾಜ ತನ್ನ ಹೆಸರನ್ನು ತುತಾಂಖಾಮುನ್ ಎಂದು ಬದಲಿಸಿಕೊಂಡ. ಹಳೆಯ ದೇವರುಗಳು ವಾಪಸ್ ಬಂದರು.

ಇನ್ನು ಯಹೂದಿಗಳ ಪೂರ್ವಜರಾದ ಇಸ್ರೇಲಿನವರ ಹೆಸರು ಬೈಬಲ್‌ನ ಹೊರಗೆ ಮೊದಲು ಕಾಣುವುದು ಮೆರ್ನೆಪ್ತಾ ಎಂಬ ಫರೋ, ಅಂದರೆ ಈಜಿಪ್ಟಿನ ರಾಜ, ನಿಲ್ಲಿಸಿದ ಕಲ್ಲಿನಲ್ಲಿ, ಸುಮಾರು ಕ್ರಿ.ಪೂ. 1208ರಲ್ಲಿ. ನಡುವೆ ನೂರಕ್ಕೂ ಜಾಸ್ತಿ ವರ್ಷ. ಮೋಶೆಯ ಹೆಸರು ಈಜಿಪ್ಟಿನ ಆ ಕಾಲದ ಯಾವ ಬರಹದಲ್ಲೂ ಸಿಕ್ಕಿಲ್ಲ. ಶಿಷ್ಯ ಅನ್ನುವುದಕ್ಕೆ ಏನು ಆಧಾರ ಹೇಳಿ?

ಭಾವ: ಒಂದು ನಿಮಿಷ. ಅತೆನ್ ಸ್ತುತಿಗೂ ಬೈಬಲ್‌ನ 104ನೇ ಕೀರ್ತನೆಗೂ ಹೋಲಿಕೆ ಇದೆ ಅಂತ ನಾನೇ ಓದಿದ್ದೇನೆ. ಕತ್ತಲಾದರೆ ಸಿಂಹ ಹೊರಗೆ ಬರುತ್ತದೆ, ಬೆಳಗಾದರೆ ಮನುಷ್ಯ ಕೆಲಸಕ್ಕೆ ಹೋಗುತ್ತಾನೆ. ಎರಡರಲ್ಲೂ ಇದೆ.

ನಾನು: ಹೌದು ಭಾವ, ಇದೆ. ಅಂಥ ಹಾಡುಗಳು ಆ ಕಡೆ ಊರಿಂದ ಊರಿಗೆ ಹೋಗಿರಬಹುದು. ಆದರೆ ಎರಡನ್ನೂ ಪಕ್ಕದಲ್ಲಿಟ್ಟು ಓದಿ. ಅತೆನ್ ಸ್ತುತಿಯಲ್ಲಿ ರಾತ್ರಿ ಅಂದರೆ ದೇವರು ಇಲ್ಲದ ಹೊತ್ತು. ಭೂಮಿ ಸತ್ತಂತೆ ಇರುತ್ತದೆ, ಹಾವು ಕಚ್ಚುತ್ತದೆ, ಸಿಂಹ ಗುಹೆ ಬಿಟ್ಟು ಬರುತ್ತದೆ. ಕೀರ್ತನೆಯಲ್ಲಿ ಕತ್ತಲೆಯನ್ನು ತರುವವನೂ ದೇವರೇ. ಸಿಂಹದ ಮರಿ ಗರ್ಜಿಸಿ ಆಹಾರ ಕೇಳುವುದೂ ಆ ದೇವರನ್ನೇ. ಸಾಲುಗಳು ಹತ್ತಿರ ಇವೆ, ದೇವರು ಬೇರೆ. ನನಗೆ ಇದು ಬಹಳ ದೊಡ್ಡ ವ್ಯತ್ಯಾಸ.

ತಮ್ಮ: ಅಕ್ಕ, ಹಾಗಾದರೆ ಒಬ್ಬನೇ ದೇವರು ಅನ್ನೋದು ಅವರಿಗೆ ಎಲ್ಲಿಂದ ಬಂತು?

ನಾನು: ಒಂದೇ ದಿನ ಬಂದದ್ದಲ್ಲ ಕಣೋ. ಇಸ್ರೇಲಿನವರೂ ಮೊದಲು ಕಾನಾನ್ ಸೀಮೆಯ ಬೇರೆ ಜನರ ಹಾಗೆಯೇ ಇದ್ದರು. ಸೀನಾಯಿ ಮರುಭೂಮಿಯ ಕುಂತಿಲ್ಲೆತ್ ಅಜ್ರೂದ್ ಎಂಬಲ್ಲಿ 1970ರ ದಶಕದಲ್ಲಿ ಅಗೆದಾಗ ದೊಡ್ಡ ಮಣ್ಣಿನ ಜಾಡಿಗಳು ಸಿಕ್ಕವು. ಸುಮಾರು ಕ್ರಿ.ಪೂ. 800ರವು. ‘ಸಮಾರ್ಯದ ಯೆಹೋವ ಮತ್ತು ಆತನ ಅಶೇರಾ’ ಹೆಸರಿನಲ್ಲಿ ಅವುಗಳ ಮೇಲೆ ಆಶೀರ್ವಾದ ಬರೆದಿದೆ. ಯೆಹೋವ ಅಂದರೆ ಇಸ್ರೇಲಿನವರ ದೇವರ ಹೆಸರು. ಅಶೇರಾ ಅಂದರೆ ಅಲ್ಲಿನ ಒಬ್ಬ ದೇವಿ. ಜಾಡಿಯ ಮೇಲೆ ಹೇಳಿರುವುದು ದೇವಿಯನ್ನೋ, ಅವಳ ಗುರುತಿನ ಕಂಬವನ್ನೋ ಅಂತ ಇನ್ನೂ ವಾದ ಇದೆ. ಏನೇ ಆಗಲಿ, ಒಬ್ಬನೇ ಅನ್ನುವ ಹಟ ಆಗ ಎಲ್ಲರಿಗೂ ಇರಲಿಲ್ಲ. ಪ್ರವಾದಿಗಳು ಅದಕ್ಕಾಗಿ ತಮ್ಮ ಜನರ ಜೊತೆಯೇ ಜಗಳ ಆಡಿದರು. ಕ್ರಿ.ಪೂ. 586ರ ಹೊತ್ತಿಗೆ ಬಾಬಿಲೋನಿನವರು ಯೆರೂಸಲೇಮಿನ ದೇವಾಲಯ ಸುಟ್ಟು ಜನರನ್ನು ಹಿಡಿದುಕೊಂಡು ಹೋದರು. ನಮ್ಮ ದೇವರು ಸೋತುಹೋದನಾ ಅನ್ನುವ ಪ್ರಶ್ನೆ ಎದ್ದಿತು. ಸೋಲಲಿಲ್ಲ, ಬೇರೆ ದೇವರೇ ಇಲ್ಲ, ಬಾಬಿಲೋನಿಗೂ ಆತನೇ ದೇವರು ಅನ್ನುವ ಉತ್ತರ ಬಂದದ್ದು ಆ ಸಂಕಟದಲ್ಲಿ. ಇಷ್ಟು ನೋವಿನಿಂದ ಹುಟ್ಟಿದ್ದನ್ನು ಸುಮ್ನೆ ಕದ್ದದ್ದು ಅಂದರೆ ನನಗೆ ಬೇಜಾರಾಗುತ್ತದೆ.

ದೊಡ್ಡಪ್ಪ: ಸರಿ, ಅಖೆನಾತೆನ್ ಬಿಡು. ಪಾರ್ಸಿಗಳ ವಿಷಯ? ಆ ಬಾಬಿಲೋನನ್ನು ಗೆದ್ದವನೇ ಪರ್ಷಿಯಾದ ಸೈರಸ್ ಅಲ್ವಾ?

ನಾನು: ಹೌದು, ಕ್ರಿ.ಪೂ. 539ರಲ್ಲಿ. ನೀವು ಕಳಿಸಿದ್ದರಲ್ಲಿ ಗಟ್ಟಿ ಇರುವ ಭಾಗ ಇದೇ. ಯಹೂದಿಗಳು ಸುಮಾರು ಇನ್ನೂರು ವರ್ಷ ಪರ್ಷಿಯಾದ ಆಳ್ವಿಕೆಯಲ್ಲಿದ್ದರು. ಬೈಬಲ್‌ನ ಯೋಬನ ಕತೆಯಲ್ಲಿ ಸೈತಾನ ದೇವರ ಸಭೆಯಲ್ಲೇ ಇರುವವನು, ದೇವರ ಅಪ್ಪಣೆ ಕೇಳಿ ಪರೀಕ್ಷೆ ಮಾಡುವವನು. ದೇವರಿಗೆ ಎದುರಾಗಿ ನಿಲ್ಲುವ ಸೈತಾನ ಬರುವುದು ಆಮೇಲೆ. ಸತ್ತವರು ಎದ್ದು ಬರುವ ಮಾತು ಸ್ಪಷ್ಟವಾಗಿ ಸಿಗುವುದು ದಾನಿಯೇಲನ ಪುಸ್ತಕದ ಕೊನೆಯಲ್ಲಿ, ಸುಮಾರು ಕ್ರಿ.ಪೂ. 165ರಲ್ಲಿ. ಜರಾತುಷ್ಟ್ರರ ಪ್ರಭಾವ ಇದೆ ಅನ್ನುವವರ ವಾದಕ್ಕೆ ಇದೇ ಆಧಾರ. ನಾನು ಅದನ್ನು ತಳ್ಳಿಹಾಕುವುದಿಲ್ಲ.

ಆದರೆ ಎರಡು ತೊಡಕು. ಈಗ ಉಳಿದಿರುವ ಅವೆಸ್ತಾದ, ಅಂದರೆ ಪಾರ್ಸಿಗಳ ಧರ್ಮಗ್ರಂಥದ, ಕೈಬರಹದ ಪ್ರತಿಗಳಲ್ಲಿ ತೀರಾ ಹಳೆಯವೂ ಕ್ರಿ.ಶ. 13–14ನೇ ಶತಮಾನದವು. ಒಳಗಿನ ಗಾಥಾಗಳು ಎಂಬ ಸ್ತುತಿಗೀತೆಗಳು ತುಂಬಾ ಹಳೆಯವು, ನಿಜ. ಉಳಿದದ್ದರಲ್ಲಿ ಯಾವುದು ಯಾವ ಕಾಲದ್ದು ಅಂತ ಬಿಡಿಸುವುದು ಕಷ್ಟ. ಇನ್ನೊಂದು, ಬೈಬಲ್‌ನ ಯೆಶಾಯನ ಪುಸ್ತಕದ 45ನೇ ಅಧ್ಯಾಯ. ಅಲ್ಲಿ ಸೈರಸ್‌ನನ್ನು ದೇವರೇ ಅಭಿಷೇಕ ಮಾಡಿದವನು ಅಂತ ಹೊಗಳಿದ್ದಾರೆ. ಅದೇ ಅಧ್ಯಾಯದಲ್ಲಿ ದೇವರು ಹೇಳುತ್ತಾನೆ, ಬೆಳಕನ್ನೂ ಕತ್ತಲೆಯನ್ನೂ ಮಾಡುವವನು ನಾನೇ ಅಂತ. ಜರಾತುಷ್ಟ್ರರ ದಾರಿಯಲ್ಲಿ ಕೆಡುಕು ಒಳ್ಳೆಯ ದೇವರಾದ ಅಹುರ ಮಜ್ದಾನಿಂದ ಬರುವುದೇ ಇಲ್ಲ, ಅದು ಅಂಗ್ರ ಮೈನ್ಯು ಎಂಬ ಕೆಟ್ಟ ಶಕ್ತಿಯದು. ಕದಿಯುವವನು ಹೀಗೆ ಎದುರು ಹೇಳುತ್ತಾನಾ?

ಸಣ್ಣತ್ತೆ: ಅಯ್ಯೋ, ಬೆಳಗ್ಗೆ ಬೆಳಗ್ಗೆ ಯಾಕೆ ಇದೆಲ್ಲ? ದೇವನೊಬ್ಬ ನಾಮ ಹಲವು ಅಂತ ಬಸವಣ್ಣನವರು ಹೇಳಿಲ್ವಾ? ಎಲ್ಲಾ ಒಂದೇ.

ನಾನು: ಅತ್ತೆ, ಅದರ ಮುಂದಿನ ಮಾತು ನೆನಪಿದೆಯಾ? ‘ಪರಮ ಪತಿವ್ರತೆಗೆ ಗಂಡನೊಬ್ಬ.’ ಎಲ್ಲಾ ದೇವರೂ ಸರಿ ಅಂತ ಅಲ್ಲ ಅಲ್ಲಿ ಹೇಳಿರುವುದು. ಒಬ್ಬನಿಗೇ ನಿಷ್ಠೆ ಇರಲಿ ಅಂತ. ಕ್ರಿ.ಪೂ. 8ನೇ ಶತಮಾನದ ಹೋಶೇಯ ಪ್ರವಾದಿಯೂ ಇದನ್ನೇ ಹೇಳಿದ. ಯೆಹೋವ ಗಂಡ, ಇಸ್ರೇಲ್ ಹೆಂಡತಿ, ಬೇರೆ ದೇವರ ಹಿಂದೆ ಹೋದರೆ ದ್ರೋಹ. ಬಸವಣ್ಣನವರು ಹೋಶೇಯನನ್ನು ಓದಿದ್ದರು ಅಂತ ಯಾರಾದರೂ ಹೇಳುತ್ತಾರಾ? ಒಂದೇ ತರಹದ ಮಾತು ಎರಡು ಕಡೆ ಕಂಡ ಕೂಡಲೇ ನಕಲು ಅನ್ನಬಾರದು ದೊಡ್ಡಪ್ಪ.

ದೊಡ್ಡಪ್ಪ: ಇದು ಒಳ್ಳೆ ಪಾಯಿಂಟ್. ಆದರೆ ಕ್ರೈಸ್ತರು, ಮುಸ್ಲಿಮರು ಯಹೂದಿಗಳಿಂದ ತಗೊಂಡದ್ದು ಗ್ಯಾರಂಟಿ ತಾನೇ?

ನಾನು: ಅವರು ಅದನ್ನು ಬಚ್ಚಿಟ್ಟರೆ ತಾನೇ ಕಳ್ಳತನ! ಮೂವರೂ ಮೂಲಪುರುಷ ಅಬ್ರಹಾಮನ ಹೆಸರು ಹೇಳಿಕೊಂಡೇ ಬಂದವರು. ಯೇಸು ಯಹೂದಿಯಾಗಿಯೇ ಹುಟ್ಟಿ ಬೆಳೆದವರು. ಕುರಾನ್ ತಾನು ಹಿಂದಿನ ಗ್ರಂಥಗಳನ್ನು ದೃಢಪಡಿಸುತ್ತೇನೆ ಅನ್ನುತ್ತದೆ. ಒಂದೇ ಮನೆತನ ಆದ್ದರಿಂದಲೇ ಜಗಳವೂ ಜಾಸ್ತಿ. ಯೇಸು ದೇವರ ಜೊತೆ ಒಂದೇ ಸತ್ವದವನು ಅಂತ ಕ್ರಿ.ಶ. 325ರಲ್ಲಿ ನೈಸಿಯಾದ ಸಭೆ ತೀರ್ಮಾನಿಸಿತು. ಯಹೂದಿಗಳು ಆತನನ್ನು ಮೆಸ್ಸೀಯ, ಅಂದರೆ ದೇವರು ಕಳಿಸುವ ಉದ್ಧಾರಕ, ಅಂತಲೇ ಒಪ್ಪುವುದಿಲ್ಲ. ಕುರಾನ್‌ನಲ್ಲಿ ಈಸಾ, ಅಂದರೆ ಯೇಸು, ಕನ್ನಿಕೆ ಮರ್ಯಮಳ ಮಗ, ದೊಡ್ಡ ಪ್ರವಾದಿ, ಮೆಸ್ಸೀಯನೂ ಹೌದು. ದೇವರ ಮಗ ಮಾತ್ರ ಅಲ್ಲ. ಯೆರೂಸಲೇಮಿನಲ್ಲಿ ಮುಸ್ಲಿಮರು ಕಟ್ಟಿದ ಬಂಗಾರದ ಗುಮ್ಮಟದ (ಡೋಮ್ ಆಫ್ ದಿ ರಾಕ್) ಒಳಗೆ, ಕ್ರಿ.ಶ. 691–92ರ ಬರಹದಲ್ಲಿ, ‘ಮೂರು ಅನ್ನಬೇಡಿ’ ಅಂತ ಗ್ರಂಥದ ಜನರಿಗೆ, ಅಂದರೆ ಯಹೂದಿ ಕ್ರೈಸ್ತರಿಗೆ, ನೇರವಾಗಿ ಹೇಳಿದ್ದಾರೆ. ತಂದೆ, ಮಗ, ಪವಿತ್ರಾತ್ಮ ಮೂರೂ ಸೇರಿ ಒಬ್ಬನೇ ದೇವರು ಅನ್ನುವ ಕ್ರೈಸ್ತರ ತ್ರಿತ್ವಕ್ಕೆ ಕೊಟ್ಟ ಉತ್ತರ ಅದು.

ಸಣ್ಣತ್ತೆ: ಬಕ್ರೀದ್ ಕತೆ ಬೈಬಲ್‌ನಲ್ಲೂ ಇದೆಯಂತಲ್ಲ? ಪಕ್ಕದ ಮನೆಯವರು ಹೇಳುತ್ತಿದ್ದರು.

ನಾನು: ಇದೆ ಅತ್ತೆ, ಆದಿಕಾಂಡದ 22ನೇ ಅಧ್ಯಾಯದಲ್ಲಿ. ಅಲ್ಲಿ ದೇವರ ಮಾತಿನಂತೆ ಅಬ್ರಹಾಮ ಬಲಿಗೆ ಕರೆದೊಯ್ಯುವುದು ಮಗ ಇಸಾಕನನ್ನು. ಕುರಾನ್‌ನ ಆ ಭಾಗದಲ್ಲಿ ಮಗನ ಹೆಸರಿಲ್ಲ, ಬಹುತೇಕ ಮುಸ್ಲಿಮರು ಇಸ್ಮಾಯಿಲ್ ಅನ್ನುತ್ತಾರೆ. ಕುರಾನ್‌ನಲ್ಲಿ ಅಪ್ಪ ತನಗೆ ಬಿದ್ದ ಕನಸನ್ನು ಮಗನಿಗೆ ಹೇಳಿ ನಿನಗೇನು ಅನ್ನಿಸುತ್ತದೆ ಅಂತ ಕೇಳುತ್ತಾನೆ. ಮಗ ಒಪ್ಪುತ್ತಾನೆ. ಆದಿಕಾಂಡದ ಮಗನಿಗೆ ಏನೂ ಗೊತ್ತಿಲ್ಲ, ಕುರಿ ಎಲ್ಲಿ ಅಪ್ಪ ಅಂತ ಕೇಳುತ್ತಾನೆ. ಎರಡನ್ನೂ ಓದಿ, ಎರಡೂ ಎದೆಗೆ ತಾಗುತ್ತವೆ.

ದೊಡ್ಡಪ್ಪ: ಬಡಾವಣೆ ಗುಂಪಿಗೂ ಆಗಲೇ ಕಳಿಸಿದ್ದೇನಲ್ಲ. ಮೋಶೆ ಶಿಷ್ಯ ಅನ್ನೋದು ತಪ್ಪು ಅಂತ ಅಲ್ಲಿ ಹಾಕುತ್ತೇನೆ. ಸೈತಾನ ಪರ್ಷಿಯಾದಿಂದಲೇ ಬಂದ ಅನ್ನೋದನ್ನು ಮಾತ್ರ ನಾನು ಬಿಡಲ್ಲ.

ನಾನು: ಬಿಡಬೇಡಿ, ಅದು ವಾದ ಮಾಡಬಹುದಾದ ವಿಷಯವೇ. ಕದ್ದದ್ದು ಅನ್ನುವ ಸಾಲನ್ನು ಮಾತ್ರ ತೆಗೆದುಬಿಡಿ ದೊಡ್ಡಪ್ಪ. ಆ ಗುಂಪಿನಲ್ಲಿ ಕ್ರೈಸ್ತರೂ ಮುಸ್ಲಿಮರೂ ಇದ್ದಾರೆ, ಅವರೂ ಓದುತ್ತಾರೆ.

ದೊಡ್ಡಪ್ಪ: ಆಯ್ತು, ಅಲ್ಲಿ ಅಳಿಸುತ್ತೇನೆ. ಆ ಯೆಶಾಯ 45 ಕನ್ನಡದಲ್ಲಿ ಇದ್ದರೆ ಕಳಿಸು.