ಅಪ್‌ಡೇಟ್: ಅಪ್ಪನ ಜೊತೆ ಕ್ಯಾಮ್ಡೆನ್ ರೆಸ್ಲಿಂಗ್ ಶೋಗೆ ಹೋಗಿ ಬಂದೆ

ಲಂಡನ್‌ಗೆ ಬಂದಿರುವ ಅಪ್ಪನನ್ನು ಕ್ಯಾಮ್ಡೆನ್‌ನ ಎಲೆಕ್ಟ್ರಿಕ್ ಬಾಲ್‌ರೂಮ್ ಎಂಬ ಹಾಲ್‌ನಲ್ಲಿ ಪ್ರೋಗ್ರೆಸ್ ರೆಸ್ಲಿಂಗ್ ಎಂಬ ಕಂಪನಿ ನಡೆಸುವ ಶೋಗೆ (ಗೆಲುವು-ಸೋಲು ಮೊದಲೇ ನಿರ್ಧಾರವಾಗಿರುವ ಮನರಂಜನೆಯ ಕುಸ್ತಿ) ಕರೆದೊಯ್ಯಲಾ, ಎಲ್ಲಿ ಕೂರಲಿ ಎಂದು ಹಿಂದೆ ಇಲ್ಲಿ ಕೇಳಿದ್ದೆ. ಭಾನುವಾರ ಹೋಗಿ ಬಂದೆವು.

ಬೇಗ ಹೋಗಿ ಎಂದವರಿಗೆ ಥ್ಯಾಂಕ್ಸ್, ಕೂರಲು ಜಾಗ ಸಿಕ್ಕಿತು. ತೀರಾ ಮುಂದೆ ಕೂರಿ ಎಂಬ ಸಲಹೆ ಮಾತ್ರ ವಯಸ್ಸಾದವರಿಗೆ ಬೇಡ. ಪಟುಗಳು ರಿಂಗಿನಿಂದ ಹೊರಗೆ ಹಾರಿದಾಗ ಮುಂದಿನವರೆಲ್ಲ ಕುರ್ಚಿ ಬಿಟ್ಟು ಎದ್ದೋಡಿದರು!

ಸದ್ದು ಇಷ್ಟು ಜಾಸ್ತಿ ಇರುತ್ತದೆ ಎಂದುಕೊಂಡಿರಲಿಲ್ಲ. ರಿಂಗಿನ ನೆಲಕ್ಕೆ ಹಾಸಿದ ಕ್ಯಾನ್ವಾಸ್ ಬಟ್ಟೆಯ ಕೆಳಗೆ ತೆಳ್ಳಗಿನ ಫೋಮ್, ಅದರಡಿ ಮರದ ಹಲಗೆ, ಉಕ್ಕಿನ ಚೌಕಟ್ಟು. ಯಾರಾದರೂ ಬಿದ್ದರೆ ನಮ್ಮ ಎದೆ ನಡುಗುತ್ತದೆ. ಮೈಸೂರು ದಸರಾ ಕುಸ್ತಿ ನೋಡುತ್ತಾ ಬೆಳೆದ ಅಪ್ಪ, "ಗೆಲುವು ಮೊದಲೇ ನಿರ್ಧಾರ ಆಗಿರಲಿ, ಬೀಳೋದು ನಿಜ ಅಲ್ವಾ?" ಎಂದರು. ವಿರಾಮದಲ್ಲಿ ಪಟುಗಳೇ ನಿಂತು ಟೀ ಶರ್ಟ್ ಮಾರುತ್ತಿದ್ದರು. ಅಪ್ಪ ಒಂದು ಕೊಂಡು, ಕೈಕುಲುಕಿ ಬಂದರು.